ಮುಚ್ಚಿಟ್ಟ ಲೋಟದ ಐದು ನಿಮಿಷ

ಕಳೆದ ಮಳೆಗಾಲದಲ್ಲಿ ನನ್ನ ಹಿಮೋಗ್ಲೋಬಿನ್ 8.9ಕ್ಕೆ ಇಳಿದಿತ್ತು. ಮುಂಬೈಯ ಮುಲುಂಡ್ ಸ್ಟೇಶನ್ನಿನ ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಆಮೇಲೆ ಪೆನ್ನು ಕೆಳಗಿಟ್ಟು, "ದಿನಕ್ಕೆ ಎಷ್ಟು ಚಹಾ ಕುಡೀತೀರಿ?" ಅಂತ ಕೇಳಿದರು. ಆರು ಅಂದೆ. ಊಟದ ಜೊತೆ ಬೇಡ, ಊಟ ಆದ ಒಂದು ಗಂಟೆಯೊಳಗೆ ಬೇಡ, ಮಾತ್ರೆಯ ಹತ್ತಿರವಂತೂ ಬೇಡವೇ ಬೇಡ, ನಿದ್ದೆನೂ ಸರಿಯಿಲ್ಲ ಅಂತೀರಿ, ಹಾಗಾಗಿ ಒಟ್ಟು ಎರಡಕ್ಕೆ ಇಳಿಸಿ ಅಂದರು. ಚಹಾದಲ್ಲಿ ಒಗರಿನ ಅಂಶ ಇರುತ್ತದೆ, ಟ್ಯಾನಿನ್ ಅಂತಾರಲ್ಲ, ಅದು. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣವನ್ನು ಅದು ಹಿಡಿದುಕೊಂಡುಬಿಡುತ್ತದೆ, ಮೈಗೆ ಹತ್ತೋಕೆ ಬಿಡೋದಿಲ್ಲ. ಮಾಂಸ ತಿನ್ನದ ನಮ್ಮಂಥವರಿಗೆ ಕಬ್ಬಿಣ ಸಿಗೋದೇ ಆ ಸೊಪ್ಪು, ಕಾಳಿನಿಂದ.

ಬೆಳಗಿನ ಎರಡು ಲೋಟ ಉಳಿಸಿಕೊಂಡೆ. ಸೊಸೈಟಿ ಬ್ರಾಂಡಿನ ಚಹಾಪುಡಿ, ಜಜ್ಜಿದ ಶುಂಠಿ, ಅರ್ಧಕ್ಕರ್ಧ ಹಾಲು. ಅದನ್ನು ಬಿಡೋ ಮಾತೇ ಇಲ್ಲ. ಕಷ್ಟ ಆಗಿದ್ದು ಸಂಜೆ ನಾಲ್ಕರದ್ದು. ನಮ್ಮ ಆಫೀಸು ಫೋರ್ಟ್‌ನಲ್ಲಿ. ನಾಲ್ಕು ಹೊಡೆಯುವ ಹೊತ್ತಿಗೆ ಚಹಾದ ಹುಡುಗ ಒಂದು ಕೈಯಲ್ಲಿ ಕಿಟ್ಲಿ, ಇನ್ನೊಂದು ಕೈಯಲ್ಲಿ ತಂತಿಯ ಸ್ಟ್ಯಾಂಡಿನಲ್ಲಿ ಕಟಿಂಗ್ ಗ್ಲಾಸುಗಳನ್ನು ಹಿಡಿದು ಬರುತ್ತಾನೆ. ಎಲ್ಲರೂ ಕುರ್ಚಿ ತಿರುಗಿಸಿ ಮಾತಿಗೆ ಕೂರುತ್ತಾರೆ. ಕೈಯಲ್ಲಿ ಬಿಸಿ ಏನೂ ಇಲ್ಲದೆ ಆ ಹತ್ತು ನಿಮಿಷ ಕೂರೋದು ನನ್ನಿಂದ ಆಗಲಿಲ್ಲ. ಮೂರು ದಿನ ಬಿಸಿನೀರು ಕುಡಿದೆ. ನಾಲ್ಕನೇ ದಿನ ದಾರಿಯಲ್ಲಿ ಒಂದು ಡಬ್ಬಿ ಹರ್ಬಲ್ ಟೀ ಬ್ಯಾಗ್ ತಂದೆ. ಅಲ್ಲಿಂದ ಇಲ್ಲಿಯವರೆಗೆ 23 ಡಬ್ಬಿ ಆಗಿವೆ. ಯಾವುದು, ಎಷ್ಟು ಹೊತ್ತು ಬಿಟ್ಟೆ, ಹೇಗಿತ್ತು ಅಂತ ಹಳೆಯ ಡೈರಿಯಲ್ಲಿ ಬರೆದಿಡುತ್ತ ಬಂದಿದ್ದೇನೆ.

ಮೊದಲ ಆರೇಳು ಡಬ್ಬಿಯ ಎದುರು ಬರೆದಿದ್ದು ಹೆಚ್ಚು ಕಡಿಮೆ ಒಂದೇ ಮಾತು: ನೀರು. ಕ್ಯಾಮೊಮೈಲ್ ಅನ್ನೋ ಹೂವು, ಪುದೀನ, ಶುಂಠಿ-ನಿಂಬೆ ಎಲ್ಲವೂ ಬಣ್ಣ ಹಾಕಿದ ಬಿಸಿನೀರಿನ ಹಾಗೆ. ಮೂಗಿನ ಹತ್ತಿರ ಸ್ವಲ್ಪ ವಾಸನೆ ಬಂದ ಹಾಗಾಗುತ್ತಿತ್ತು, ನಾಲಿಗೆಗೆ ಏನೂ ತಾಗುತ್ತಿರಲಿಲ್ಲ. ಒಂದು ಭಾನುವಾರ ಊರಿಗೆ ಫೋನ್ ಮಾಡಿದಾಗ ಆಯಿಗೆ, ಅಂದರೆ ಅಮ್ಮನಿಗೆ, ಇದನ್ನೇ ಹೇಳಿದೆ. ಹೂವಿನ ಚೀಲ, ಬಿಸಿನೀರಲ್ಲಿ ಅದ್ದೋದು, ಎರಡು ನಿಮಿಷ ಬಿಟ್ಟು ತೆಗೆಯೋದು, ರುಚಿನೇ ಇಲ್ಲ ಅಂತ. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಮುಚ್ಚಿಟ್ಟಿದ್ಯನೇ ತಂಗೀ?"

ಮುಚ್ಚಿಟ್ಟಿರಲಿಲ್ಲ.

ನಮ್ಮದು ಸಿದ್ದಾಪುರದ ಕಡೆ. ನಮ್ಮ ಮನೆಯಲ್ಲಿ ಸಂಜೆ ಚಹಾಕ್ಕಿಂತ ಕಷಾಯವೇ ಜಾಸ್ತಿ. ಕೊತ್ತಂಬರಿ ಬೀಜ, ಅದರ ಅರ್ಧ ಜೀರಿಗೆ, ಸ್ವಲ್ಪ ಬಡೆಸೋಂಪು, ಸ್ವಲ್ಪ ಮೆಂತೆ, ಕಾಳುಮೆಣಸು, ಒಂದು ತುಂಡು ಒಣಶುಂಠಿ. ಒಂದೊಂದನ್ನೇ ಬೇರೆಬೇರೆ ಹುರಿದು ಪುಡಿ ಮಾಡಿ ಡಬ್ಬಿಗೆ ತುಂಬಿಡುತ್ತಾರೆ. ನೀರಿಗೆ ಬೆಲ್ಲ ಹಾಕಿ ಕುದಿಸಿ, ಪುಡಿ ಹಾಕಿ, ಒಲೆಯಿಂದ ಇಳಿಸಿ ತಟ್ಟೆ ಮುಚ್ಚಿ ಬಿಡೋದು. ಆಮೇಲೆ ಹಾಲು. ಆ ತಟ್ಟೆ ಮುಚ್ಚೋದನ್ನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ, ಧೂಳು ಬೀಳಬಾರದು ಅಂತ ಮುಚ್ಚುತ್ತಾರೆ ಅಂದುಕೊಂಡಿದ್ದೆ.

ಅವತ್ತು ಸಂಜೆಯೇ ಎರಡು ಲೋಟ ಪಕ್ಕಪಕ್ಕ ಇಟ್ಟೆ. ಎರಡಕ್ಕೂ ಒಂದೊಂದು ಕ್ಯಾಮೊಮೈಲ್ ಬ್ಯಾಗು, ಕುದಿಯುವ ನೀರು ಸಮಸಮ. ಒಂದನ್ನು ಹಾಗೇ ಬಿಟ್ಟೆ. ಇನ್ನೊಂದರ ಮೇಲೆ ಪುಟ್ಟ ಸ್ಟೀಲ್ ತಟ್ಟೆ. ಐದು ನಿಮಿಷ ಆದಮೇಲೆ ತಟ್ಟೆ ತೆಗೆದು ಮಗುಚಿ ನೋಡಿದೆ. ಅಡಿಯ ತುಂಬ ಹನಿಗಳು, ಒತ್ತೊತ್ತಾಗಿ. ಮೂಗಿನ ಹತ್ತಿರ ಹಿಡಿದೆ. ಹಣ್ಣಾದ ಸೇಬಿನ ವಾಸನೆ, ಅದರ ಹಿಂದೆ ಬಿಸಿಲಿಗೆ ಒಣಗಿದ ಹುಲ್ಲಿನ ವಾಸನೆ. ಆ ಹೂವಿಗೆ ಗ್ರೀಕರು ನೆಲದ ಸೇಬು ಅನ್ನುವ ಅರ್ಥದ ಹೆಸರಿಟ್ಟಿದ್ದರಂತೆ, ಕ್ಯಾಮೊಮೈಲ್ ಅನ್ನೋ ಮಾತು ಬಂದಿದ್ದು ಅದರಿಂದ. ಅಷ್ಟು ದಿನ ಆ ಸೇಬು ಆಫೀಸಿನ ಏಸಿ ಗಾಳಿಗೆ ಹೋಗುತ್ತಿತ್ತು. ಇಂಥ ಹೂವು, ಎಲೆಗಳ ಸುವಾಸನೆ ಇರೋದು ಆವಿಯಾಗಿ ಹಾರುವ ಎಣ್ಣೆಯಲ್ಲಿ. ತೆರೆದ ಲೋಟದಿಂದ ಅದು ಹಬೆಯ ಜೊತೆ ಎದ್ದು ಹೋಗುತ್ತದೆ. ತಟ್ಟೆ ಇದ್ದರೆ ತಟ್ಟೆಗೆ ತಾಗಿ, ತಣಿದು, ವಾಪಸ್ ಲೋಟಕ್ಕೇ ಬೀಳುತ್ತದೆ. ಮುಚ್ಚಿಟ್ಟ ಲೋಟದಲ್ಲಿ ರುಚಿ ಇತ್ತು. ತೆರೆದಿಟ್ಟಿದ್ದು ಮತ್ತೆ ನೀರೇ.

ಡೈರಿಯ ಹಳೆಯ ಪುಟಕ್ಕೆ ಅಡ್ಡಗೆರೆ ಎಳೆದು ಎಲ್ಲವನ್ನೂ ಮೊದಲಿಂದ ಶುರು ಮಾಡಿದೆ. ಹರ್ಬಲ್ ಟೀ ಅನ್ನೋದನ್ನು ಚಹಾ ಅಂತ ಕುಡಿದರೆ ಸಿಗೋದು ಬರೀ ನಿರಾಸೆ ಅಂತ ನನಗೆ ಖಾತ್ರಿಯಾಗಿದೆ. ಅದರಲ್ಲಿ ಚಹಾದ ಎಲೆಯೇ ಇಲ್ಲ, ಆ ಒಗರು, ಆ ಗಟ್ಟಿತನ ಎಲ್ಲಿಂದ ಬರಬೇಕು? ಕಷಾಯ ಅಂತ ಮಾಡಿ, ಕಷಾಯ ಅಂತ ಕುಡಿಯಬೇಕು. ನೀರು ಕುದಿ ಬಂದಿರಬೇಕು, ಲೋಟ ಮುಚ್ಚಿರಬೇಕು, ಐದು ನಿಮಿಷ, ಬೇರು-ತೊಗಟೆ ಇದ್ದರೆ ಎಂಟು ನಿಮಿಷ. ಎರಡು ನಿಮಿಷ ಅದ್ದಿ ತೆಗೆಯೋದು ಚಹಾದ ಎಲೆಗೆ ಸರಿ.

ಇಷ್ಟು ಗೊತ್ತಾದ ಮೇಲೆ ಡಬ್ಬಿಗಳ ನಡುವಿನ ವ್ಯತ್ಯಾಸ ಕಾಣತೊಡಗಿತು.

ತುಳಸಿಯಲ್ಲಿ ನನಗೆ ಹಿಡಿಸಿದ್ದು ಆರ್ಗ್ಯಾನಿಕ್ ಇಂಡಿಯಾದ್ದು. ಕೃಷ್ಣ, ರಾಮ, ವನ ಅಂತ ಮೂರು ಬಗೆಯ ತುಳಸಿ ಸೇರಿಸಿರುತ್ತಾರೆ. ಬ್ಯಾಗು ಬಿಡಿಸಿ ಬಿಳಿ ತಟ್ಟೆಗೆ ಸುರಿದು ನೋಡಿದೆ: ಎಲೆಯ ಚೂರು ಚೂರಾಗಿಯೇ ಕಾಣುತ್ತದೆ. ಮುಚ್ಚಿಟ್ಟು ಕುಡಿದರೆ ಲವಂಗದ ಹಾಗೆ ಗಂಟಲಿಗೆ ಬೆಚ್ಚಗಾಗುತ್ತದೆ. ಲವಂಗದಲ್ಲಿರುವ ಯುಜೆನಾಲ್ ಅನ್ನೋ ಸುವಾಸನೆಯ ಅಂಶ ತುಳಸಿಯಲ್ಲೂ ಇದೆ, ಅದಕ್ಕೆ ಹಾಗೆ. ಬಾಲ್ಕನಿಯ ಗಿಡದ ಹಸಿ ಎಲೆಯ ಕಷಾಯಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅನ್ನಿಸುವಷ್ಟು ಬೇರೆ. ಹಸಿಯದ್ದು ತಂಪು, ಒಣಗಿದ್ದು ಖಾರ. ಮಳೆಗಾಲಕ್ಕೆ ಒಣಗಿದ್ದೇ ನನಗೆ ಇಷ್ಟ.

ಶುಂಠಿ ಬ್ಯಾಗಿನದ್ದೂ ಇದೇ ಕಥೆ. ಹಸಿಶುಂಠಿ ಒಣಗಿದಾಗ ಅದರ ಖಾರವೇ ಬದಲಾಗುತ್ತದೆ, ಇನ್ನಷ್ಟು ಚುರುಕಾಗುತ್ತದೆ. ಬ್ಯಾಗಿನಲ್ಲಿರೋದು ಒಣಶುಂಠಿ. ಹಸಿಶುಂಠಿ ಚಹಾದ ರುಚಿ ಅದರಲ್ಲಿ ಹುಡುಕಬಾರದು. ಶೀತಕ್ಕೆ ಹಣೆಗೆ ತೇಯ್ದು ಹಚ್ಚುವ ಒಣಶುಂಠಿ ನೆನಪಿಟ್ಟುಕೊಂಡು ಕುಡಿದರೆ ಬಹಳ ಚೆನ್ನಾಗಿದೆ.

ಹೈಬಿಸ್ಕಸ್ ಡಬ್ಬಿಯ ಮೇಲೆ ಚಂದದ ಕೆಂಪು ಹೂವಿನ ಚಿತ್ರ ಇತ್ತು. ದೇವರಿಗೆ ಏರಿಸುವ ದಾಸವಾಳದ ಎಸಳೇ ಒಣಗಿಸಿ ಹಾಕಿರಬೇಕು ಅಂದುಕೊಂಡೆ. ಒಂದು ಗುಟುಕು ಕುಡಿದೆ, ಹುಳಿ ಅಂದರೆ ಹುಳಿ, ಹಲ್ಲು ಜುಮ್ಮೆನ್ನುವಷ್ಟು. ಈ ಹುಳಿ ಎಲ್ಲೋ ಗೊತ್ತು ಅನ್ನಿಸಿತು. ನಮ್ಮ ಆಫೀಸಿನಲ್ಲಿ ಬಾಗಲಕೋಟೆ ಕಡೆಯ ಒಬ್ಬರಿದ್ದಾರೆ. ಅವರಿಗೂ ಒಂದು ಲೋಟ ಕೊಟ್ಟೆ. ಒಂದೇ ಗುಟುಕಿಗೆ, "ಅಕ್ಕಾರ, ಇದು ಪುಂಡಿಪಲ್ಯಾದ ಹುಳಿ ಐತ್ರೀ" ಅಂದರು. ಅವರು ಹೇಳಿದ್ದು ಸರಿ. ಹೈಬಿಸ್ಕಸ್ ಟೀಗೆ ಬಳಸೋದು ಅಂಗಳದ ದಾಸವಾಳವನ್ನಲ್ಲ, ಹೈಬಿಸ್ಕಸ್ ಸಬ್‌ಡರಿಫಾ ಅನ್ನೋ ಗಿಡದ್ದು, ಪುಂಡಿ ಅನ್ನೋ ಹುಳಿಸೊಪ್ಪಿನ ಬಳಗದ್ದೇ. ಹೂವು ಉದುರಿದ ಮೇಲೆ ಕಾಯಿಯ ಸುತ್ತ ಉಳಿಯುವ ಕೆಂಪು ದಪ್ಪ ಎಸಳುಗಳನ್ನು ಒಣಗಿಸುತ್ತಾರೆ. ಜೋಳದ ರೊಟ್ಟಿಯ ಜೊತೆ ತಿನ್ನುವ ಹುಳಿ ಇಲ್ಲಿ ನುಣುಪಾದ ಡಬ್ಬಿಯಲ್ಲಿ, ಒಂದು ಬ್ಯಾಗಿಗೆ ಹತ್ತು ರೂಪಾಯಿಗೂ ಮೇಲೆ. ನನಗೆ ಇದು ಬಿಸಿಯಾಗಿ ಹಿಡಿಸಲಿಲ್ಲ. ಗಟ್ಟಿಯಾಗಿ ಮಾಡಿ, ಬೆಲ್ಲ ಕರಗಿಸಿ, ತಣ್ಣಗೆ ಮಾಡಿ ಏಪ್ರಿಲ್-ಮೇ ತಿಂಗಳಲ್ಲಿ ಕುಡಿದರೆ ಕೋಕಂ ಶರಬತ್ತಿನ ಪಕ್ಕದಲ್ಲಿ ಕೂರಿಸಬಹುದು.

ಶಂಖಪುಷ್ಪದ ನೀಲಿ ಟೀ ನೋಡೋಕೆ ಚಂದ. ನಿಂಬೆ ಹಿಂಡಿದರೆ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಮಕ್ಕಳಿಗೆ ಖುಷಿಯಾಗುತ್ತದೆ. ರುಚಿ ಇಲ್ಲ. ನಮ್ಮ ಹೌಸಿಂಗ್ ಸೊಸೈಟಿಯ ಬೇಲಿಯಲ್ಲೇ ಆ ಬಳ್ಳಿ ಹಬ್ಬಿದೆ, ದುಡ್ಡು ಕೊಡಬೇಕಾಗಿಲ್ಲ.

ಪುದೀನದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮುಚ್ಚಿಟ್ಟ ಪುದೀನ ರುಚಿಯಲ್ಲಿ ಎಲ್ಲಕ್ಕಿಂತ ಮುಂದಿತ್ತು. ದಿನಾ ನಾಲ್ಕಕ್ಕೆ ಅದನ್ನೇ ಕುಡಿದು, ಅದರ ಹಿಂದೆಯೇ ಕಬ್ಬಿಣದ ಮಾತ್ರೆ ನುಂಗುತ್ತಿದ್ದೆ. ಚಹಾ ಅಲ್ಲವಲ್ಲ, ತೊಂದರೆ ಇಲ್ಲ ಅಂತ. ಎರಡು ತಿಂಗಳಾದರೂ ರಕ್ತ ಅಷ್ಟಾಗಿ ಏರಲಿಲ್ಲ. ಆಗ ಓದೋಕೆ ಶುರು ಮಾಡಿದೆ. 1999ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ನ್ಯೂಟ್ರಿಷನ್‌ನಲ್ಲಿ ಒಂದು ಅಧ್ಯಯನ ಬಂದಿದೆ. ಬ್ರೆಡ್ಡಿನ ಊಟದ ಜೊತೆ ಬೇರೆಬೇರೆ ಪಾನೀಯ ಕೊಟ್ಟು ಕಬ್ಬಿಣ ಎಷ್ಟು ಮೈಗೆ ಹತ್ತುತ್ತದೆ ಅಂತ ಅಳೆದಿದ್ದಾರೆ. ಮಾಮೂಲಿ ಚಹಾ ಕುಡಿದಾಗ ಹತ್ತೋದು ಶೇ. 79ರಿಂದ 94ರಷ್ಟು ಕಡಿಮೆಯಾಯಿತು. ಪೆಪ್ಪರ್‌ಮಿಂಟ್ ಟೀ, ಅಂದರೆ ಪುದೀನದ್ದೇ ಒಂದು ಬಗೆ, ಕುಡಿದಾಗ ಶೇ. 84. ಕ್ಯಾಮೊಮೈಲ್‌ನಲ್ಲಿ 47. ಹಾಲು ಹಾಕಿದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಅಂದರೆ ಕೆಫೀನ್ ಇಲ್ಲ ಅಂದ ಮಾತ್ರಕ್ಕೆ ಊಟದ ಜೊತೆ ಕುಡಿಯಬಹುದು ಅಂತ ಆಗೋದಿಲ್ಲ. ಇದನ್ನು ಓದಿದ ದಿನ ನಿಜವಾಗ್ಲೂ ಬೇಜಾರಾಯಿತು, ಎರಡು ತಿಂಗಳ ಮಾತ್ರೆ ಅರ್ಧಂಬರ್ಧ ಕೆಲಸ ಮಾಡಿರಬೇಕು ಅಂತ. ಡಾಕ್ಟರನ್ನು ಕೇಳಿ ಮಾತ್ರೆಯನ್ನು ಬೆಳಿಗ್ಗೆ 11ಕ್ಕೆ ಬದಲಾಯಿಸಿಕೊಂಡೆ, ನಿಂಬೆಹಣ್ಣಿನ ನೀರಿನ ಜೊತೆ. ಹಿಂದೆ ಮುಂದೆ ಒಂದೊಂದು ಗಂಟೆ ಏನೂ ಕುಡಿಯೋದಿಲ್ಲ. ಮುಂದಿನ ಟೆಸ್ಟಿನಲ್ಲಿ 11.6 ಬಂತು. ರಕ್ತ ಕಡಿಮೆ ಇರುವ ನಮ್ಮ ಕಡೆಯ ಹೆಂಗಸರು ಯಾರಾದರೂ ಇದನ್ನು ಓದುತ್ತಿದ್ದರೆ, ಯಾವ ಟೀ ಅನ್ನೋದಕ್ಕಿಂತ ಯಾವಾಗ ಅನ್ನೋದನ್ನು ದಯವಿಟ್ಟು ನೋಡಿಕೊಳ್ಳಿ.

ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದೋ ಅಭ್ಯಾಸವೂ ಆಗಲೇ ಶುರುವಾಗಿದ್ದು. ಪದಾರ್ಥಗಳನ್ನು ಜಾಸ್ತಿ ಇರೋದರಿಂದ ಕಡಿಮೆ ಇರೋದಕ್ಕೆ ಸಾಲಾಗಿ ಬರೆದಿರುತ್ತಾರೆ. ಮುಂದೆ ದೊಡ್ಡದಾಗಿ ಕ್ಯಾಮೊಮೈಲ್ ಅಂತ ಇದ್ದರೂ ಹಿಂದೆ ಮೊದಲ ಹೆಸರು ಗ್ರೀನ್ ಟೀ ಆಗಿದ್ದರೆ ಅದರಲ್ಲಿ ಕೆಫೀನ್ ಇದೆ, ನಿದ್ದೆಗೆ ಅಂತ ಕುಡಿದರೆ ಉಲ್ಟಾ ಆಗುತ್ತದೆ. ಹಣ್ಣಿನ ಟೀ ಅಂತ ಬರುವ ಎಷ್ಟೋ ಡಬ್ಬಿಗಳಲ್ಲಿ ಮೊದಲು ಇರೋದು ಹೈಬಿಸ್ಕಸ್, ಹಣ್ಣು ಕೊನೆಯಲ್ಲಿ ಫ್ಲೇವರ್ ರೂಪದಲ್ಲಿ. ಸಕ್ಕರೆ ಹಾಕದೆ ಸಿಹಿ ಇದೆಯಲ್ಲ ಅನ್ನಿಸಿದರೆ ಜ್ಯೇಷ್ಠಮಧು ಇದೆಯಾ ನೋಡಿ. ಗಂಟಲಿಗೆ ಒಳ್ಳೆಯದೇ, ಆದರೆ ದಿನಾ ಜಾಸ್ತಿ ಕುಡಿದರೆ ಬಿಪಿ ಏರಿಸುತ್ತದೆ. ನಮ್ಮನೆಯವರಿಗೆ ಬಿಪಿ ಇದೆ, ಹಾಗಾಗಿ ಅಂಥ ಎರಡು ಡಬ್ಬಿಯನ್ನು ಬೇರೆಯವರಿಗೆ ಕೊಟ್ಟುಬಿಟ್ಟೆ.

ಒಂದು ಡಬ್ಬಿಯ ಮೇಲೆ ಮಾತ್ರ ನನಗೆ ಈಗಲೂ ಕೋಪ ಇದೆ. ತೂಕ ಇಳಿಸುವ ಟೀ ಅಂತ ಒಬ್ಬ ಗೆಳತಿ ಕೊಟ್ಟಿದ್ದು. ಎರಡು ದಿನ ಕುಡಿದೆ. ಮೂರನೇ ದಿನ ಬೆಳಿಗ್ಗೆ ಹೊಟ್ಟೆ ಕಿವುಚಿದ ಹಾಗಾಗಿ ದಾರಿಯಲ್ಲೇ ಲೋಕಲ್‌ನಿಂದ ಇಳಿದು, ರಜೆ ಹಾಕಿ ಮನೆಗೆ ಬಂದೆ. ಡಬ್ಬಿ ತಿರುಗಿಸಿ ನೋಡಿದರೆ ಸೋನಾಮುಖಿ! ಮಲಬದ್ಧತೆಗೆ ಕೊಡುವ ಭೇದಿಯ ಎಲೆ ಅದು. ಅದರಿಂದ ಇಳಿಯೋದು ಮೈಯ ನೀರು, ಕೊಬ್ಬು ಅಲ್ಲ. ಹೂವಿನ ಚಿತ್ರ ಹಾಕಿ ದಿನಾ ಕುಡಿಯಿರಿ ಅಂತ ಅದನ್ನು ಮಾರೋದು ತಪ್ಪು.

ಗ್ರೀನ್ ಟೀ ಬಗ್ಗೆ ಹೆಚ್ಚು ಹೇಳೋದಿಲ್ಲ. ಅದೂ ನಮ್ಮ ಚಹಾದ ಗಿಡದ್ದೇ ಎಲೆ, ಕಪ್ಪಾಗಲು ಬಿಡದೆ ಬೇಗ ಬಿಸಿ ಮಾಡಿ ಒಣಗಿಸಿದ್ದು. ಅದನ್ನು ಕುದಿಯುವ ನೀರಿಗೆ ಹಾಕಿ ಕಷಾಯದ ಹಾಗೆ ಮುಚ್ಚಿಟ್ಟರೆ ಕಹಿಯಾಗುತ್ತದೆ. ನೀರು ಕುದ್ದಮೇಲೆ ಮೂರ್ನಾಲ್ಕು ನಿಮಿಷ ಆರಲು ಬಿಟ್ಟು, ಎರಡು ನಿಮಿಷ ಮಾತ್ರ ಇಡಬೇಕು. ಮುಂಬೈ ನೀರು ಇದಕ್ಕೆ ಒಳ್ಳೆಯದು, ಮಳೆನೀರು ತುಂಬಿದ ಕೆರೆಗಳ ಮೆದು ನೀರು. ಆ ಏಳು ಕೆರೆಗಳಲ್ಲಿ ಒಂದರ ಹೆಸರೇ ತುಳಸಿ. ವಿಜಯಪುರದ ನಾದಿನಿಯ ಮನೆಯ ಬೋರ್‌ವೆಲ್ ನೀರಿನಲ್ಲಿ ಅದೇ ಬ್ಯಾಗು ಹಾಕಿದರೆ ಮೇಲೆ ತೆಳ್ಳಗೆ ಕೆನೆ ಕಟ್ಟುತ್ತದೆ, ಬಣ್ಣವೂ ಮಂಕು.

ನಿಂಬೆಹುಲ್ಲಿನ ಬ್ಯಾಗು ಮುಂಬೈಯಲ್ಲಿ ಯಾಕೆ ಕೊಳ್ಳಬೇಕೋ ನನಗೆ ಅರ್ಥವಾಗೋದಿಲ್ಲ. ನಮ್ಮ ಕಡೆ ಮಜ್ಜಿಗೆ ಹುಲ್ಲು ಅನ್ನೋದನ್ನು ಮರಾಠಿಯವರು ಗವತಿ ಚಹಾ ಅಂತಾರೆ, ಹುಲ್ಲಿನ ಚಹಾ ಅಂತಲೇ ಹೆಸರು. ತರಕಾರಿಯವಳ ಹತ್ತಿರ ಪುದೀನದ ಪಕ್ಕದಲ್ಲೇ ಕಟ್ಟು ಕಟ್ಟಾಗಿ ಇರುತ್ತದೆ. ಎರಡು ಎಳೆ ಗಂಟು ಕಟ್ಟಿ ಕುದಿಯುವ ನೀರಿಗೆ ಹಾಕಿ ಮುಚ್ಚಿದರೆ ಅಡಿಗೆಮನೆ ತುಂಬ ಪರಿಮಳ. ಯಾವ ಬ್ಯಾಗಿಗೂ ಅದು ಬಂದಿಲ್ಲ.

ಹಾಲು ಹಾಕಿ ಕುಡಿಯಲು ಆಗುವಂಥದ್ದು ಒಂದೇ ಸಿಕ್ಕಿತು, ರೂಯಿಬಾಸ್. ದಕ್ಷಿಣ ಆಫ್ರಿಕಾದ ಸೀಡರ್‌ಬರ್ಗ್ ಬೆಟ್ಟದ ಕಡೆ ಬೆಳೆಯುವ ಪೊದೆ, ಹೆಸರಿನ ಅರ್ಥವೂ ಕೆಂಪು ಪೊದೆ. ಕೆಫೀನ್ ಇಲ್ಲ. ನಮ್ಮ ಸ್ಟೇಶನ್ ಹತ್ತಿರದ ಉಡುಪಿ ಹೋಟೆಲಿನ ಶೆಟ್ರಿಗೆ ಎರಡು ಬ್ಯಾಗು ಕೊಟ್ಟು ಹಾಲಲ್ಲಿ ಮಾಡಿಕೊಡಿ ಅಂದೆ. ಅವರು ಬ್ಯಾಗನ್ನು ಬೆಳಕಿಗೆ ಹಿಡಿದು ನೋಡಿ, ಪಾತ್ರೆಯಲ್ಲೇ ಹಾಕಿ ಚಹಾದ ಹಾಗೆ ಕುದಿಸಿದರು. ಒಂದು ಗುಟುಕು ಕುಡಿದು, "ಅಕ್ಕ, ಇದು ಚಹಾ ಅಲ್ಲ. ಆದ್ರೆ ಕುಡಿಲಿಕ್ಕೆ ಆಗ್ತದೆ. ಏಲಕ್ಕಿ ಹಾಕಿದ್ರೆ ಇನ್ನೂ ಒಳ್ಳೇದುಂಟು" ಅಂದರು. ಏಲಕ್ಕಿ ಹಾಕಿದೆ. ಅವರು ಹೇಳಿದ್ದು ಪೂರಾ ಸರಿ.

ಇನ್ನು ಆ ಚೀಲದ ಬಗ್ಗೆ. ಕಾಗದದ ಬ್ಯಾಗಿನಲ್ಲಿ ಅಬಾಕಾ ಅನ್ನೋ ನಾರು ಬಳಸುತ್ತಾರೆ, ಅದು ನಮ್ಮ ಬಾಳೆಯ ಬಳಗದ ಗಿಡ ಅಂತ ತಿಳಿದಾಗ ಸಂತೋಷವಾಯಿತು. ಪಿನ್ನು ಹೊಡೆದ ಬ್ಯಾಗುಗಳನ್ನು ನಿಲ್ಲಿಸಬೇಕು ಅಂತ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ ಆದೇಶ ಮಾಡಿತು, ಈಗ ದಾರವನ್ನು ಗಂಟು ಹಾಕಿರುತ್ತಾರೆ. ನಾನು ದೂರ ಇಡೋದು ಮಿರಿಮಿರಿ ಮಿಂಚುವ, ಬಲೆಯಂಥ ಪ್ಲಾಸ್ಟಿಕ್ ಬ್ಯಾಗುಗಳನ್ನು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2019ರಲ್ಲಿ ಅಂಥ ಬ್ಯಾಗುಗಳನ್ನು 95 ಡಿಗ್ರಿ ನೀರಿನಲ್ಲಿಟ್ಟು ನೋಡಿದಾಗ, ಒಂದೊಂದರಿಂದ ಸುಮಾರು 1,160 ಕೋಟಿ ಪ್ಲಾಸ್ಟಿಕ್ ಕಣಗಳು ನೀರಿಗೆ ಬಿಟ್ಟವು, ಇನ್ನೂ ಸಣ್ಣವು ಬೇರೆ. ಒಳಗೆ ಎಂಥ ಒಳ್ಳೆಯ ಹೂವಿದ್ದರೂ ನನಗೆ ಬೇಡ.

ಮೇ ತಿಂಗಳಲ್ಲಿ ಊರಿಗೆ ಹೋದಾಗ ಆಯಿ ಒಂದು ಡಬ್ಬಿ ಕಷಾಯದ ಪುಡಿ ಕಟ್ಟಿಕೊಟ್ಟಳು. ಆಫೀಸಿನಲ್ಲಿ ಸೋಸೋದು, ತೊಳೆಯೋದು ಆಗೋ ಮಾತಲ್ಲ. ಖಾಲಿ ಕಾಗದದ ಚೀಲಗಳು ಆನ್‌ಲೈನಲ್ಲಿ ಸಿಗುತ್ತವೆ, ಬಾಯಿಗೆ ದಾರ ಇರುವಂಥವು. ನೂರು ತರಿಸಿದೆ. ಆಯಿಯ ಪುಡಿ ತುಂಬಿ ಬಿಸಿನೀರಿಗೆ ಬಿಟ್ಟರೆ ಪುಡಿ ನಯವಾಗಿದ್ದರಿಂದ ಅರ್ಧ ಹೊರಗೆ ಬಂತು, ಉಳಿದದ್ದು ಒಳಗೇ ಮುದ್ದೆ ಕಟ್ಟಿತು. ಫೋನಿನಲ್ಲಿ ಕೇಳಿದರೆ ತರಿತರಿಯಾಗಿ ಕುಟ್ಟು ಅಂದಳು. ಕೊತ್ತಂಬರಿ ಎರಡು ಹೋಳಾದರೆ ಸಾಕಂತೆ, ಜೀರಿಗೆ ಹಾಗೇ ಇದ್ದರೂ ನಡೆಯುತ್ತದಂತೆ. ಭಾನುವಾರ ಮಧ್ಯಾಹ್ನ ಕೂತು ಹುರಿದು, ಕಲ್ಲಿನಲ್ಲಿ ಜಜ್ಜಿ, ಒಂದೊಂದು ಚೀಲಕ್ಕೆ 3 ಗ್ರಾಂ ತೂಗಿ ತುಂಬಿದೆ. ಇಪ್ಪತ್ತು ಆದವು.

ಸೋಮವಾರ ನಾಲ್ಕು ಗಂಟೆಗೆ ಚಹಾದ ಹುಡುಗ ಬಂದ. ನಾನು ಲೋಟಕ್ಕೆ ಚೀಲ ಬಿಟ್ಟು, ಬೆಲ್ಲದ ಚೂರು ಹಾಕಿ, ಬಿಸಿನೀರು ಸುರಿದು ತಟ್ಟೆ ಮುಚ್ಚಿದೆ. ಎಂಟು ನಿಮಿಷ. ತಟ್ಟೆ ತೆಗೆದಾಗ ಪಕ್ಕದ ಮೇಜಿನ ಸಾತಾರಾದ ಹುಡುಗಿ ತಿರುಗಿ, ಅದು ಯಾವ ಕಂಪನಿಯದ್ದು, ತನಗೂ ಒಂದು ಬೇಕು ಅಂದಳು. ಕೊಟ್ಟೆ. ಮಾರನೆಯ ದಿನ ಬಾಗಲಕೋಟೆಯವರೂ ಕೇಳಿದರು. ಈಗ ಡ್ರಾಯರಿನಲ್ಲಿ ಆರು ಉಳಿದಿವೆ. ಈ ಭಾನುವಾರ ಮತ್ತೆ ಹುರಿಯಬೇಕು, ಮೆಂತೆ ಸ್ವಲ್ಪ ಕಡಿಮೆ ಮಾಡಿ.